ಹನ್ನೆರಡರೊಳಗೆ ಸಂತೆ, ಆಮೇಲೆ ದಾರಿ: ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಕಾರು ಓಡಿಸುವ ಕೊಡಗಿನವರಿಗೆ

ಕಾವೇರಿ ಸಂಕ್ರಮಣ ಮುಗಿದು ಕಾಫಿ ಕುಯ್ಲು ಬಿರುಸಾಗುವ ಮುನ್ನ ತೋಟದವರಿಗೆ ಕೆಲವು ವಾರ ಬಿಡುವು ಸಿಗುತ್ತದೆ. ಫ್ರಾನ್ಸಿನಲ್ಲಿ ಮಕ್ಕಳಿರುವ ಮನೆಯವರು ಹೊರಡುವುದೂ ಈ ಬಿಡುವಿನಲ್ಲೇ. ಆಗ ಅಲ್ಲಿ ಶರತ್ಕಾಲ. ದ್ರಾಕ್ಷಿ ಕೊಯ್ಲು ಮುಗಿದಿರುತ್ತದೆ, ವಾಲ್‌ನಟ್ ಉದುರುತ್ತಿರುತ್ತದೆ, ಕಾಡಿನ ಬಣ್ಣ ತಿರುಗಿರುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಪ್ಯಾರಿಸ್ಸಿನ ಮಾತು ಕಡಿಮೆ. ಬಾಡಿಗೆ ಕಾರಿನಲ್ಲಿ ಹಳ್ಳಿ ಸುತ್ತುವುದು ಹೇಗೆ, ಸಂತೆ ಯಾವಾಗ, ಪೆಟ್ರೋಲ್ ಎಲ್ಲಿ ಎಂಬ ಪ್ರಶ್ನೆಗಳೇ ಹೆಚ್ಚು.

ಪ್ರಶ್ನೆ: ಮಾಕುಟ್ಟ ಘಾಟಿಯಲ್ಲಿ ಮೂವತ್ತು ವರ್ಷದಿಂದ ಕಾರು ಓಡಿಸುತ್ತಿದ್ದೇನೆ. ತಿರುವು, ಇಳಿಜಾರು ಹೊಸದಲ್ಲ. ಆದರೆ ರಸ್ತೆಯ ಬಲಗಡೆ ಓಡಿಸುವುದು ಈ ವಯಸ್ಸಿನಲ್ಲಿ ಕೈಗೆ ಬರುತ್ತದೆಯೇ? — ವಿರಾಜಪೇಟೆಯ ಓದುಗರು

ಬರುತ್ತದೆ. ಆದರೆ ತಪ್ಪು ಎಲ್ಲಿ ಆಗುತ್ತದೆ ಎಂದು ಮೊದಲೇ ತಿಳಿದಿರಬೇಕು. ವಾಹನ ದಟ್ಟವಾಗಿರುವ ಕಡೆ ಯಾರೂ ಎಡಕ್ಕೆ ಹೋಗುವುದಿಲ್ಲ, ಮುಂದಿನ ಕಾರು ದಾರಿ ತೋರಿಸುತ್ತದೆ. ತಪ್ಪಾಗುವುದು ಖಾಲಿ ರಸ್ತೆಯಲ್ಲಿ. ಪೆಟ್ರೋಲ್ ಬಂಕಿನಿಂದ ಹೊರಬರುವಾಗ, ಊಟ ಮುಗಿಸಿ ಕಾರು ತೆಗೆಯುವಾಗ, ಫೋಟೋಗೆಂದು ಬದಿಗೆ ನಿಲ್ಲಿಸಿ ಮತ್ತೆ ಹೊರಡುವಾಗ ಕೈ ತಾನಾಗಿ ಹಳೆಯ ಅಭ್ಯಾಸಕ್ಕೆ ತಿರುಗುತ್ತದೆ. ಅದಕ್ಕೆ ಒಂದು ಗುರುತು ಇಟ್ಟುಕೊಳ್ಳಿ: ಸ್ಟಿಯರಿಂಗ್ ಹಿಡಿದವರು ಯಾವಾಗಲೂ ರಸ್ತೆಯ ನಡುಗೆರೆಯ ಪಕ್ಕದಲ್ಲಿರಬೇಕು. ಇಲ್ಲೂ ಅದೇ ನಿಯಮ, ಅಲ್ಲೂ ಅದೇ. ನೀವು ಹುಲ್ಲಿನ ಅಂಚಿನ ಕಡೆ ಕೂತಿದ್ದೀರಿ ಅಂದರೆ ತಪ್ಪು ಬದಿಯಲ್ಲಿದ್ದೀರಿ.

ಎರಡನೆಯ ತೊಂದರೆ ಕಾರಿನ ಅಗಲದ್ದು. ನಮ್ಮ ಕಾರಿನಲ್ಲಿ ದೇಹದ ಎಡಕ್ಕೆ ಹೆಚ್ಚು ಕಾರು ಇರುತ್ತದೆ, ಕಣ್ಣು ಅದಕ್ಕೆ ಒಗ್ಗಿದೆ. ಅಲ್ಲಿ ಕಾರಿನ ಹೆಚ್ಚಿನ ಪಾಲು ನಿಮ್ಮ ಬಲಕ್ಕಿರುತ್ತದೆ. ಹಾಗಾಗಿ ಗೊತ್ತಿಲ್ಲದೆ ಬಲಕ್ಕೆ ಸರಿಯುತ್ತೀರಿ, ಬಲಗನ್ನಡಿ ಗೋಡೆಗೆ ತಾಗುತ್ತದೆ, ಬಲಚಕ್ರ ಕಲ್ಲಿನ ಅಂಚಿಗೆ ಬಡಿದು ಟೈರಿನ ಪಕ್ಕ ಹರಿಯುತ್ತದೆ. ಮೊದಲ ದಿನ ಪಕ್ಕದ ಸೀಟಿನವರಿಗೆ ಇದೊಂದೇ ಕೆಲಸ ವಹಿಸಿ: ಬಲ ಅಂಚು ಹತ್ತಿರವಾದರೆ ಹೇಳುವುದು. ಇಂಡಿಕೇಟರ್ ಕಡ್ಡಿಯೂ ಸಾಮಾನ್ಯವಾಗಿ ಸ್ಟಿಯರಿಂಗಿನ ಎಡಕ್ಕಿರುತ್ತದೆ. ಬಲಗಡೆಯ ಕಡ್ಡಿ ಒತ್ತಿ ರೂಢಿಯಾದವರಿಗೆ ಪ್ರತಿ ತಿರುವಿನಲ್ಲೂ ವೈಪರ್ ಓಡುತ್ತದೆ. ಅದರಿಂದ ಅಪಾಯವಿಲ್ಲ, ಆದರೆ ಹಿಂದಿನವರಿಗೆ ನಿಮ್ಮ ತಿರುವು ಗೊತ್ತಾಗುವುದಿಲ್ಲ.

ಗೇರ್ ಬಲಗೈಗೆ ಬರುತ್ತದೆ. ಕ್ಲಚ್, ಬ್ರೇಕ್, ಆಕ್ಸಿಲರೇಟರ್‌ಗಳ ಕ್ರಮ ಮಾತ್ರ ಇಲ್ಲಿಯದ್ದೇ. ಬಲಗೈ ಗೇರಿಗೆ ಒಗ್ಗುವ ಹೊತ್ತಿಗೆ ಪ್ರವಾಸವೇ ಮುಗಿಯುವುದರಿಂದ ಆಟೋಮ್ಯಾಟಿಕ್ ಕಾರು ತೆಗೆದುಕೊಳ್ಳಿ ಎಂಬುದು ನಮ್ಮ ಸಲಹೆ. ಬುಕ್ ಮಾಡುವಾಗಲೇ ಆಟೋಮ್ಯಾಟಿಕ್ ಎಂದು ಆರಿಸಬೇಕು, ಅಲ್ಲಿ ಹೋಗಿ ಕೇಳಿದರೆ ಸಿಗುವ ಖಾತರಿ ಇಲ್ಲ. ಭಾನುವಾರ ಮಧ್ಯಾಹ್ನ ದೊಡ್ಡ ಅಂಗಡಿಗಳ ಪಾರ್ಕಿಂಗ್ ಜಾಗ ಬಹುಮಟ್ಟಿಗೆ ಖಾಲಿ ಇರುತ್ತದೆ. ಅಲ್ಲಿ ಅರ್ಧ ಗಂಟೆ ಸುತ್ತಿ, ರಿವರ್ಸ್ ಹಾಕಿ, ಗೆರೆಗಳ ನಡುವೆ ನಿಲ್ಲಿಸಿ ನೋಡಿ.

ಇನ್ನು ಘಾಟಿ. ಕಿರಿದಾದ ಕಡಿದಾದ ರಸ್ತೆಯಲ್ಲಿ ಎರಡು ಗಾಡಿ ಎದುರಾದರೆ ಇಳಿಯುವವರು ಮೊದಲು ನಿಲ್ಲಬೇಕು. ನಮ್ಮಲ್ಲೂ ಹತ್ತುವವರಿಗೇ ಮೊದಲ ಹಕ್ಕು, ಆದ್ದರಿಂದ ಇದನ್ನು ಹೊಸದಾಗಿ ಕಲಿಯಬೇಕಿಲ್ಲ. ಹಾರ್ನ್ ಮಾತ್ರ ಬೇರೆ. ಊರಿನೊಳಗೆ ತಕ್ಷಣದ ಅಪಾಯ ಇದ್ದರಷ್ಟೇ ಹಾರ್ನ್. ಊರಾಚೆಯ ಕುರುಡು ತಿರುವಿನಲ್ಲಿ ಎಚ್ಚರಿಕೆಗೆ ಒಮ್ಮೆ ಒತ್ತಬಹುದು.

ಪ್ರಶ್ನೆ: ನಮ್ಮ ಕರ್ನಾಟಕದ ಡ್ರೈವಿಂಗ್ ಲೈಸೆನ್ಸ್ ಸಾಕೇ? — ಮಡಿಕೇರಿಯ ಓದುಗರು

ಅದರ ಜೊತೆಗೆ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಳ್ಳಿ. ಸಾರಥಿ ಜಾಲತಾಣದಲ್ಲಿ ನಮೂನೆ 4ಎ ತುಂಬಿ, ವೈದ್ಯರ ಪ್ರಮಾಣಪತ್ರದ ನಮೂನೆ 1ಎ, ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿಗಳೊಂದಿಗೆ ನಮ್ಮ ಸಾರಿಗೆ ಕಚೇರಿಗೆ ಹೋಗಬೇಕು. ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಅದು ಮೂಲ ಲೈಸೆನ್ಸಿನ ಅನುವಾದ ಇದ್ದಂತೆ. ಅದೊಂದನ್ನೇ ತೋರಿಸಿದರೆ ನಡೆಯುವುದಿಲ್ಲ, ಎರಡೂ ಕೈಯಲ್ಲಿರಬೇಕು. ಈ ಉತ್ತರ ಪ್ರವಾಸಿ ವೀಸಾದಲ್ಲಿ ಹೋಗುವವರಿಗೆ ಮಾತ್ರ.

ಕಾರಿನ ಕೌಂಟರಿನಲ್ಲಿ ಅನೇಕರು ಸಿಕ್ಕಿಬೀಳುವುದು ಲೈಸೆನ್ಸಿನಿಂದಲ್ಲ, ಕಾರ್ಡಿನಿಂದ. ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು ಎನ್ನುತ್ತಾರೆ, ಏಕೆಂದರೆ ಠೇವಣಿಯ ಮೊತ್ತವನ್ನು ಅದರಲ್ಲಿ ತಡೆಹಿಡಿಯುತ್ತಾರೆ. ಮಗಳ ಕಾರ್ಡು, ಅಪ್ಪನ ಲೈಸೆನ್ಸು ಎಂದರೆ ಕಾರು ಕೊಡದೆ ಕಳಿಸುವುದುಂಟು. ಕಾರು ಪಡೆದ ಕೂಡಲೇ ನಾಲ್ಕೂ ಬದಿ, ನಾಲ್ಕೂ ಚಕ್ರದ ರಿಮ್ಮು, ಗಾಜು, ಇಂಧನದ ಮುಳ್ಳು, ಓಡಿದ ಕಿಲೋಮೀಟರು ಇವುಗಳ ಫೋಟೋ ತೆಗೆಯಿರಿ. ಹಿಂತಿರುಗಿಸುವಾಗಲೂ ಹಾಗೇ ಮಾಡಿ.

ಪ್ರಶ್ನೆ: ಅಲ್ಲಿ ಹಳ್ಳಿಯ ಸಣ್ಣ ಗಲ್ಲಿಯಿಂದ ಬರುವ ಗಾಡಿಗೂ ದೊಡ್ಡ ರಸ್ತೆಯವರು ನಿಲ್ಲಬೇಕು ಎಂದು ಮಗ ಹೇಳುತ್ತಾನೆ. ಇದು ನಿಜವೇ? — ಸೋಮವಾರಪೇಟೆಯ ಓದುಗರು

ನಿಜ. ಹೊರಗಿನಿಂದ ಹೋದವರು ಹೆಚ್ಚು ತಪ್ಪುವ ನಿಯಮವೂ ಇದೇ. ಪ್ರಿಯೊರಿತೆ ಆ ದ್ರ್ವಾತ್ ಎನ್ನುತ್ತಾರೆ, ಬಲಗಡೆಯವರಿಗೆ ಆದ್ಯತೆ ಎಂದರ್ಥ. ಕೂಡುರಸ್ತೆಯಲ್ಲಿ ಯಾವ ಫಲಕವೂ, ಗೆರೆಯೂ, ಸಿಗ್ನಲ್ಲೂ ಇಲ್ಲದಿದ್ದರೆ ನಿಮ್ಮ ಬಲಗಡೆಯಿಂದ ಬರುವ ಗಾಡಿಗೆ ದಾರಿ ಬಿಡಬೇಕು. ಅದು ಎಷ್ಟೇ ಸಣ್ಣ ಓಣಿಯಿಂದ ಬಂದರೂ ಸರಿ. ಓಣಿಯಿಂದ ಬರುವವರು ನಿಲ್ಲದೆ, ನಿಮ್ಮ ಕಡೆ ನೋಡದೆ ನುಗ್ಗುವುದೂ ಉಂಟು, ಹಕ್ಕು ಅವರದ್ದು.

ಹಾಗಾದರೆ ಯಾವಾಗ ಧೈರ್ಯವಾಗಿ ಹೋಗಬಹುದು? ಬಿಳಿ ಅಂಚಿನ ಹಳದಿ ವಜ್ರಾಕೃತಿಯ ಫಲಕ ಕಂಡರೆ ಆ ರಸ್ತೆಯಲ್ಲಿ ಆದ್ಯತೆ ನಿಮ್ಮದು. ಅದೇ ಫಲಕಕ್ಕೆ ಕಪ್ಪು ಅಡ್ಡಗೆರೆ ಬಿದ್ದಿದ್ದರೆ ಆದ್ಯತೆ ಅಲ್ಲಿಗೆ ಮುಗಿಯಿತು. ಹಳ್ಳಿಯ ಬಾಗಿಲಲ್ಲೇ ಈ ಗೆರೆಬಿದ್ದ ಫಲಕ ಹಲವೆಡೆ ಇರುತ್ತದೆ. ಅದನ್ನು ಕಂಡೊಡನೆ ವೇಗ ಇಳಿಸಿ ಬಲಗಡೆಯ ಪ್ರತಿ ಓಣಿಯನ್ನೂ ನೋಡಿಕೊಂಡು ಹೋಗಿ.

ರೌಂಡ್‌ಅಬೌಟಿನಲ್ಲಿ ಬಹುತೇಕ ಕಡೆ ಒಳಗೆ ಸುತ್ತುತ್ತಿರುವವರಿಗೆ ಆದ್ಯತೆ. ಬಲಕ್ಕೆ ಹೊಕ್ಕು, ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತಬೇಕು. ನಮ್ಮಲ್ಲಿ ಪ್ರದಕ್ಷಿಣೆಯಂತೆ ಸುತ್ತಿ ರೂಢಿಯಾದವರು ಎಡದಿಂದ ಬರುವವರನ್ನು ಮೊದಲು ನೋಡಬೇಕು. ಹೊರಹೋಗುವ ಮುನ್ನ ಬಲ ಇಂಡಿಕೇಟರ್ ಹಾಕಿ. ದಾರಿ ತಪ್ಪಿದರೆ ಇನ್ನೊಂದು ಸುತ್ತು ಹಾಕಿ, ಯಾರೂ ಏನೂ ಅನ್ನುವುದಿಲ್ಲ.

ವೇಗದ ಫಲಕ ಎಲ್ಲ ಕಡೆ ಇರುವುದಿಲ್ಲ. ಕೆಂಪು ಅಂಚಿನ ಬಿಳಿ ಹಲಗೆಯಲ್ಲಿ ಊರಿನ ಹೆಸರು ಕಂಡ ಕ್ಷಣದಿಂದ ಮಿತಿ 50. ಅದೇ ಹೆಸರಿಗೆ ಕೆಂಪು ಗೆರೆ ಹೊಡೆದ ಹಲಗೆ ದಾಟಿದ ಮೇಲೆ, ನಡುವೆ ವಿಭಜಕ ಇಲ್ಲದ ರಸ್ತೆಯಲ್ಲಿ ಸಾಮಾನ್ಯವಾಗಿ 80. ಇದು 2018ರ ಜುಲೈಯಿಂದ ಬಂದದ್ದು. ಕೆಲವು ಜಿಲ್ಲೆಗಳು ಕೆಲವು ರಸ್ತೆಗಳಿಗೆ ಮತ್ತೆ 90 ಮಾಡಿಕೊಂಡಿವೆ, ಅಲ್ಲಿ ಫಲಕ ಹೇಳುತ್ತದೆ. ಹೆದ್ದಾರಿಯಲ್ಲಿ 130, ಮಳೆ ಬಂದರೆ 110. ನಿಲ್ಲು ಫಲಕದಲ್ಲಿ ಚಕ್ರ ಪೂರ್ತಿ ನಿಲ್ಲಬೇಕು. ನಿಧಾನ ಮಾಡಿ ಹೋದರೆ 135 ಯೂರೋ ದಂಡ, ಫೋನು ಕೈಯಲ್ಲಿ ಹಿಡಿದರೂ ಅಷ್ಟೇ. ಕಿವಿಗೆ ಸಿಕ್ಕಿಸುವ ಇಯರ್‌ಫೋನಿಗೂ ಅವಕಾಶವಿಲ್ಲ.

ಪ್ರಶ್ನೆ: ಮಗಳ ಮನೆ ದೊರ್ದೊಞ್ ಜಿಲ್ಲೆಯ ಸಾರ್ಲಾ ಪಟ್ಟಣದ ಹತ್ತಿರ. ಸಂತೆ, ಬ್ರೆಡ್ಡು, ಪೆಟ್ರೋಲು ಎಲ್ಲ ಮುಗಿಸಿ ನಿಧಾನವಾಗಿ ನದಿಯ ಕಡೆ ಸುತ್ತಿ ಬರಬೇಕೆಂದಿದೆ. ಒಂದು ದಿನ ಹೇಗೆ ಜೋಡಿಸಿಕೊಳ್ಳಬೇಕು? — ಗೋಣಿಕೊಪ್ಪಲಿನ ದಂಪತಿ

ಫ್ರಾನ್ಸಿನ ಹಳ್ಳಿಯ ದಿನವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ, ಗಡಿಯಾರದಲ್ಲಿ ಅಳೆಯಿರಿ. ಹನ್ನೆರಡರಿಂದ ಎರಡರವರೆಗೆ ಸಣ್ಣ ಅಂಗಡಿ, ಅಂಚೆ ಕಚೇರಿ, ಎಷ್ಟೋ ಬ್ಯಾಂಕುಗಳು ಬಾಗಿಲು ಹಾಕುತ್ತವೆ. ಊಟ ಸಿಗುವುದೂ ಆ ಎರಡು ಗಂಟೆಯಲ್ಲೇ, ಎರಡರ ಮೇಲೆ ಹೋಟೆಲಿನ ಅಡುಗೆಮನೆ ಮುಚ್ಚುತ್ತದೆ. ಭಾನುವಾರ ಮಧ್ಯಾಹ್ನ ಊರೇ ಮಲಗಿರುತ್ತದೆ, ಸೋಮವಾರ ಅನೇಕ ಅಂಗಡಿಗಳಿಗೆ ವಾರದ ರಜೆ. ಮಡಿಕೇರಿಯ ಶುಕ್ರವಾರದ ಸಂತೆಗೆ ಸಂಜೆ ಹೋದರೂ ಏನಾದರೂ ಸಿಗುತ್ತದೆ. ಅಲ್ಲಿ ಮಾರ್ಶೆ ಎನ್ನುವ ಸಂತೆಯಲ್ಲಿ ಒಂದು ಗಂಟೆಗೆ ಮೇಜು ಮಡಚಿ ವ್ಯಾನಿಗೆ ಹಾಕಿರುತ್ತಾರೆ.

ಸಾರ್ಲಾದ ಸಂತೆ ಬುಧವಾರ ಮತ್ತು ಶನಿವಾರ ಬೆಳಿಗ್ಗೆ. ಬುಧವಾರ ಜನ ಕಡಿಮೆ, ನಿಮಗೆ ಅದೇ ಒಳ್ಳೆಯದು. ಎಂಟೂವರೆಗೆ ತಲುಪಿ, ಕಾರನ್ನು ಹಳೇ ಊರಿನ ಹೊರಗೆ ನಿಲ್ಲಿಸಿ ನಡೆದುಹೋಗಿ. ಹಳೇ ಸೇಂತ್ ಮರಿ ಇಗರ್ಜಿಯನ್ನು ವಾಸ್ತುಶಿಲ್ಪಿ ಜ್ಯಾಂ ನೂವೆಲ್ ಮಾರುಕಟ್ಟೆಯಾಗಿ ಬದಲಿಸಿದ್ದಾರೆ. ಅದರ ಮಹಾಬಾಗಿಲುಗಳನ್ನು ನೋಡಲಿಕ್ಕೆಂದೇ ಹೋಗಬಹುದು.

ಅಂಗಡಿಗೆ ಹೊಕ್ಕರೆ ಮೊದಲ ಮಾತು ಬೊಂಜೂರ್. ಇದನ್ನು ನಾವು ಒತ್ತಿ ಹೇಳುತ್ತೇವೆ. ನಮಸ್ಕಾರ ಹೇಳದೆ ನೇರ ಬೆಲೆ ಕೇಳಿದರೆ ಅಲ್ಲಿಯವರಿಗೆ ಅದು ಅಸಭ್ಯತೆ, ಉತ್ತರವೂ ಹಾಗೇ ಬರುತ್ತದೆ. ಹಣ್ಣು ತರಕಾರಿಯನ್ನು ನೀವೇ ಹಿಚುಕಿ ಆರಿಸಬೇಡಿ. ಬುಟ್ಟಿಯೋ ಚೀಲವೋ ಇಟ್ಟು ಆರಿಸಿಕೊಳ್ಳಲು ಬಿಟ್ಟಿರುವ ಕಡೆ ಬೇರೆ ಮಾತು. ಉಳಿದೆಡೆ ಮಾರುವವರೇ ಆರಿಸಿ ಕೊಡುತ್ತಾರೆ. ಪೇರ್ ಹಣ್ಣು ಕೇಳಿದರೆ ಇವತ್ತಿಗೋ ನಾಳಿದ್ದಿಗೋ ಎಂದು ವಿಚಾರಿಸುತ್ತಾರೆ, ಅದಕ್ಕೆ ತಕ್ಕ ಹಣ್ಣು ಕೊಡುತ್ತಾರೆ. ಯೂನ್ ಲೀವ್ರ್ ಎಂದರೆ ಅರ್ಧ ಕಿಲೋ. ಸಣ್ಣ ನೋಟು, ಚಿಲ್ಲರೆ ಜೊತೆಗಿರಲಿ.

ಅಕ್ಟೋಬರಿನಲ್ಲಿ ಅಲ್ಲಿ ತಪ್ಪದೆ ಕೊಳ್ಳಬೇಕಾದದ್ದು ವಾಲ್‌ನಟ್. ಪೆರಿಗೋರ್ ವಾಲ್‌ನಟ್ಟಿಗೆ 2002ರಿಂದ ಹುಟ್ಟೂರಿನ ರಕ್ಷಣೆ ಇದೆ, ನಮ್ಮ ಕೊಡಗಿನ ಕಿತ್ತಳೆಗೆ ಭೌಗೋಳಿಕ ಸೂಚಕ ಇರುವ ಹಾಗೆ. ಫ್ರಾಂಕೆತ್, ಮಾರ್ಬೋ, ಕೋರ್ನ್, ಗ್ರಾಂಜ್ಯಾಂ ಎಂಬ ನಾಲ್ಕೇ ತಳಿಗೆ ಆ ಹೆಸರು ಸಲ್ಲುತ್ತದೆ. ಒಣಗಿಸಿದ್ದು ಬೇರೆ, ಹಸಿಯದು ಬೇರೆ, ಯಾವುದೆಂದು ಕೇಳಿ ಕೊಳ್ಳಿ. ಹಸಿ ವಾಲ್‌ನಟ್‌ನಲ್ಲಿ ನೀರಿನಂಶ ಹೆಚ್ಚು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಾರಿನಲ್ಲಿಟ್ಟರೆ ಕೆಲವೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಬಟ್ಟೆಚೀಲದಲ್ಲಿಟ್ಟು, ಮನೆಗೆ ಬಂದ ಮೇಲೆ ಫ್ರಿಜ್ಜಿಗೆ ಹಾಕಿ ಬೇಗ ತಿನ್ನಿ. ಒಳಗಿನ ತೆಳು ಸಿಪ್ಪೆ ಕಹಿ, ಹಸಿಯಿದ್ದಾಗ ಅದು ಉಗುರಿಗೇ ಬಿಡುತ್ತದೆ.

ಬ್ರೆಡ್ಡಿಗೆ ಬೂಲಾಂಜರಿ. ಬರೀ ಬಗೆತ್ ಎನ್ನದೆ ತ್ರಾದಿಸಿಯೋಂ ಎಂದು ಕೇಳಿ. 1993ರ ಸರ್ಕಾರಿ ಆದೇಶದಂತೆ ಆ ಹೆಸರಿನ ಬ್ರೆಡ್ಡಿನ ಹಿಟ್ಟನ್ನು ಎಲ್ಲೂ ಫ್ರೀಜ್ ಮಾಡಿರಬಾರದು, ಬೇರೆ ರಾಸಾಯನಿಕ ಸೇರಿಸಿರಬಾರದು. ರುಚಿಯ ವ್ಯತ್ಯಾಸ ಮೊದಲ ತುತ್ತಿಗೇ ತಿಳಿಯುತ್ತದೆ. ಮರುದಿನಕ್ಕೆ ಮಾತ್ರ ಅದು ಕಟ್ಟಿಗೆ. ಎರಡು ದಿನಕ್ಕೆ ಬೇಕಾದರೆ ಹುಳಿಹಿಟ್ಟಿನ ದುಂಡು ಬ್ರೆಡ್ಡು ಕೊಳ್ಳಿ.

ಹನ್ನೊಂದೂವರೆಗೆ ಕೊಂಡದ್ದನ್ನೆಲ್ಲ ಡಿಕ್ಕಿಗೆ ಹಾಕಿ ಹೊರಡಿ. ಚೀಸಿನ ಪೊಟ್ಟಣವನ್ನು ಬಿಗಿಯಾಗಿ ಕಟ್ಟಿಸಿ, ಇಲ್ಲದಿದ್ದರೆ ವಾಸನೆ ಬಾಡಿಗೆ ಕಾರಿನಿಂದ ದಿನಗಟ್ಟಲೆ ಹೋಗುವುದಿಲ್ಲ. ದಕ್ಷಿಣಕ್ಕೆ ಸುಮಾರು 12 ಕಿ.ಮೀ. ಹೋದರೆ ದೋಮ್, 1281ರಲ್ಲಿ ಬೆಟ್ಟದ ತುದಿಯಲ್ಲಿ ಕಟ್ಟಿದ ಕೋಟೆ ಊರು. ಹನ್ನೆರಡೂಕಾಲಿಗೆ ಅಲ್ಲಿ ಊಟಕ್ಕೆ ಕೂತುಬಿಡಿ. ಪ್ಲಾ ದ್ಯು ಜೂರ್ ಎಂದರೆ ಆ ದಿನದ ಅಡುಗೆ, ಬೇಗ ಬರುತ್ತದೆ. ಕುಡಿಯಲು ಉನ್ ಕರಾಫ್ ದೋ ಎಂದು ಕೇಳಿದರೆ ಜಗ್ಗಿನಲ್ಲಿ ನಲ್ಲಿನೀರು ಉಚಿತ. ಸಸ್ಯಾಹಾರಿಗಳು ಒಂದು ವಿಷಯ ಗಮನಿಸಬೇಕು: ಸಾರ್ಲಾದ ಹೆಸರುವಾಸಿ ಆಲೂಗಡ್ಡೆ ಪಲ್ಯ, ಪೊಮ್ ಸಾರ್ಲಾದೇಜ್, ಬಾತುಕೋಳಿಯ ಕೊಬ್ಬಿನಲ್ಲಿ ಹುರಿದದ್ದು. ಸಲಾಡಿನಲ್ಲೂ ಹಂದಿಮಾಂಸದ ಚೂರು ಬೀಳುತ್ತದೆ. ಸಾಂ ವಿಯಾಂದ್ (ಮಾಂಸ ಬೇಡ), ಸಾಂ ಲಾರ್ದೋಂ (ಹಂದಿಮಾಂಸದ ಚೂರು ಬೇಡ) ಎಂದು ಎರಡನ್ನೂ ಹೇಳಿ, ಏಕೆಂದರೆ ಆ ಚೂರುಗಳನ್ನು ಎಷ್ಟೋ ಮಂದಿ ಮಾಂಸದ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಊಟದ ಮೇಲೆ ದೋಮ್ ಕೋಟೆಯ ಅಂಚಿನಿಂದ ಕೆಳಗೆ ದೊರ್ದೊಞ್ ನದಿ ಬಳುಕುವುದನ್ನು ನೋಡಿ ನಿಧಾನ ಇಳಿಯಿರಿ. ಅಲ್ಲಿಂದ ಬಂಡೆಗೆ ಆತುಕೊಂಡ ಲಾ ರೋಕ್ ಗಜಾಕ್, ಮುಂದೆ ಬೇನಾಕ್. ಬೇನಾಕ್ ಕೋಟೆಯೂ ಹೊಳೆಯಾಚೆಯ ಕಾಸ್ತೆಲ್ನೋ ಕೋಟೆಯೂ ನೂರು ವರ್ಷದ ಯುದ್ಧದಲ್ಲಿ ಫ್ರೆಂಚರು ಮತ್ತು ಇಂಗ್ಲಿಷರ ಪರವಾಗಿ ಎದುರುಬದುರು ನಿಂತವು. ಬೇನಾಕಿನಿಂದ ಸಾರ್ಲಾಕ್ಕೆ ವಾಪಸು. ಸುತ್ತು ಒಟ್ಟು 40 ಕಿ.ಮೀ. ಆಸುಪಾಸು. ನಾಪೋಕ್ಲುವಿನಿಂದ ಮಡಿಕೇರಿಗೆ ಹೋಗಿ ಬಂದಷ್ಟು ದಾರಿಗೆ ಇಡೀ ಮಧ್ಯಾಹ್ನ ಕೊಡಿ. ಲಾಸ್ಕೋ ಗುಹೆಯನ್ನು ಇದೇ ದಿನಕ್ಕೆ ತುರುಕಬೇಡಿ. ಅದು ಇನ್ನೊಂದು ದಿಕ್ಕು, 1963ರಿಂದ ಮೂಲ ಗುಹೆ ಮುಚ್ಚಿದೆ, 2016ರಲ್ಲಿ ತೆರೆದ ಪ್ರತಿಕೃತಿಗೆ ಮೊದಲೇ ಟಿಕೆಟ್ ಮಾಡಿಸಿ ಅರ್ಧ ದಿನ ಇಟ್ಟುಕೊಳ್ಳಬೇಕು.

ಪ್ರಶ್ನೆ: ಸಂತೆಯ ದಿನ ಕಾರು ನಿಲ್ಲಿಸುವುದು ಎಲ್ಲಿ? — ಶನಿವಾರಸಂತೆಯ ಓದುಗರು

ಹಿಂದಿನ ರಾತ್ರಿ ಚೌಕದಲ್ಲಿ ನಿಲ್ಲಿಸಿದ ಕಾರೇ ಹೆಚ್ಚಾಗಿ ಸಿಕ್ಕಿಬೀಳುವುದು. ಸಂಜೆ ಖಾಲಿ ಇದ್ದ ಚೌಕ ಬೆಳಗಿನ ಜಾವ ಸಂತೆಯಾಗುತ್ತದೆ, ಕಾರನ್ನು ಎಳೆದುಕೊಂಡು ಹೋಗುತ್ತಾರೆ. ಚೌಕದ ಅಂಚಿನ ಫಲಕದಲ್ಲಿ ವಾರ ಮತ್ತು ಗಂಟೆ ಬರೆದಿರುತ್ತದೆ, ಓದಿ ನಿಲ್ಲಿಸಿ. ಮಂಗಳವಾರ ಮಾರ್ದಿ, ಬುಧವಾರ ಮೆರ್ಕ್ರೆದಿ, ಗುರುವಾರ ಜ್ಯದಿ, ಶುಕ್ರವಾರ ವಾಂದ್ರದಿ, ಶನಿವಾರ ಸಾಮ್ದಿ.

ನೀಲಿ ಗೆರೆಯ ಜಾಗ ಉಚಿತ, ಆದರೆ ಗಂಟೆಯ ಮಿತಿ ಇದೆ. ನೀಲಿ ರಟ್ಟಿನ ಡಿಸ್ಕಿನಲ್ಲಿ ನೀವು ಬಂದ ಸಮಯ ತಿರುಗಿಸಿ ಮುಂದಿನ ಗಾಜಿನ ಹಿಂದೆ ಇಡಬೇಕು. ಡಿಸ್ಕು ತಬಾ ಎಂಬ ಬೀಡಿ-ಸಿಗರೇಟಿನ ಅಂಗಡಿಯಲ್ಲಿ ಸಿಗುತ್ತದೆ. ಬಾಡಿಗೆ ಕಾರಿನಲ್ಲಿ ಇದೆಯೇ ಎಂದು ಮೊದಲು ನೋಡಿ. ಹಳದಿ ಗೆರೆ ಅಖಂಡವಾಗಿದ್ದರೆ ಒಂದು ಕ್ಷಣವೂ ನಿಲ್ಲಿಸುವಂತಿಲ್ಲ. ತುಂಡುತುಂಡಾಗಿದ್ದರೆ ಜನರನ್ನು ಇಳಿಸಬಹುದು, ಕಾರು ಬಿಟ್ಟುಹೋಗುವಂತಿಲ್ಲ.

ಪ್ರಶ್ನೆ: ಬಂಕಿನಲ್ಲಿ ನಾವೇ ತುಂಬಿಸಿಕೊಳ್ಳಬೇಕಂತೆ. ಯಾವುದು ಪೆಟ್ರೋಲು, ಯಾವುದು ಡೀಸೆಲು? — ಕುಶಾಲನಗರದ ಓದುಗರು

ಎಸ್ಸಾಂಸ್ ಅಥವಾ ಸಾಂ ಪ್ಲೋಂ ಎಂದರೆ ಪೆಟ್ರೋಲು, ಗಾಜೋಲ್ ಎಂದರೆ ಡೀಸೆಲು. ಗಾಜೋಲ್ ಎಂಬುದನ್ನು ಗ್ಯಾಸೊಲೀನ್ ಎಂದು ಓದಿಕೊಂಡು ಪೆಟ್ರೋಲ್ ಕಾರಿಗೆ ಡೀಸೆಲ್ ಹಾಕಲು ಹೊರಡುವವರಿದ್ದಾರೆ. ಹೆಸರಿಗಿಂತ ಗುರುತು ಭದ್ರ: ಪೆಟ್ರೋಲಿಗೆ ವೃತ್ತದೊಳಗೆ ಇ5 ಅಥವಾ ಇ10, ಡೀಸೆಲಿಗೆ ಚೌಕದೊಳಗೆ ಬಿ7. ಕಾರಿನ ಇಂಧನ ಮುಚ್ಚಳದ ಒಳಗೂ ಅದೇ ಚಿಹ್ನೆ ಇರುತ್ತದೆ, ಎರಡನ್ನೂ ಹೋಲಿಸಿ. ಇ85 ಅಗ್ಗವೆಂದು ಹಾಕಬೇಡಿ, ಅದಕ್ಕೆಂದೇ ಹೊಂದಿಸಿದ ಎಂಜಿನ್ನಿಗೆ ಮಾತ್ರ ಅದು. ಡೀಸೆಲ್ ಕಾರಿನಲ್ಲಿ ನೀಲಿ ಮುಚ್ಚಳದ ಇನ್ನೊಂದು ಬಾಯಿ ಇದ್ದರೆ ಅದು ಆಡ್‌ಬ್ಲೂ ದ್ರವದ್ದು. ಆ ದ್ರವ ಡೀಸೆಲ್ ಟ್ಯಾಂಕಿಗೆ ಹೋಗಬಾರದು.

ಡೀಸೆಲ್ ನಳಿಗೆ ದಪ್ಪ, ಪೆಟ್ರೋಲ್ ಕಾರಿನ ಬಾಯಿಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಡೀಸೆಲ್ ಕಾರಿನ ಬಾಯಿಗೆ ಪೆಟ್ರೋಲ್ ನಳಿಗೆ ಸಲೀಸಾಗಿ ಇಳಿಯುತ್ತದೆ, ಅವಘಡ ಆಗುವುದು ಹೀಗೆ. ಹಾಗೇನಾದರೂ ಆದರೆ ಕೀ ತಿರುಗಿಸಬೇಡಿ, ಸ್ಟಾರ್ಟ್ ಗುಂಡಿ ಒತ್ತಬೇಡಿ. ಡೀಸೆಲ್ ಎಂಜಿನ್ನಿನ ಇಂಧನ ಪಂಪಿಗೆ ಡೀಸೆಲೇ ಎಣ್ಣೆಯ ಕೆಲಸವನ್ನೂ ಮಾಡುತ್ತದೆ. ಪೆಟ್ರೋಲು ಸೇರಿದರೆ ಪಂಪು ಉಜ್ಜಿ ಲೋಹದ ಪುಡಿ ಇಂಜೆಕ್ಟರ್‌ವರೆಗೆ ಹೋಗುತ್ತದೆ. ಎಂಜಿನ್ ಓಡದಿದ್ದರೆ ಟ್ಯಾಂಕ್ ಬರಿದು ಮಾಡಿಸಿದರೆ ಮುಗಿಯಿತು.

ಸೂಪರ್‌ಮಾರ್ಕೆಟ್ಟಿನ ಬಂಕುಗಳಲ್ಲಿ ದರ ಹೆದ್ದಾರಿಗಿಂತ ಕಡಿಮೆ. ಆಳಿಲ್ಲದ ಹೊತ್ತಿನಲ್ಲಿ ಕಾರ್ಡಿನಿಂದ ನಡೆಯುವ ಯಂತ್ರ ಮೊದಲು 100 ಯೂರೋಗೂ ಹೆಚ್ಚು ತಡೆಹಿಡಿದು, ಆಮೇಲೆ ನಿಜವಾದ ಬಿಲ್ಲಿಗೆ ಇಳಿಸುವುದುಂಟು. ಕರೆನ್ಸಿ ಕಾರ್ಡಿನಲ್ಲಿ 60 ಯೂರೋ ಇಟ್ಟುಕೊಂಡು 40 ಯೂರೋ ಪೆಟ್ರೋಲಿಗೆ ಹೋದರೂ ಕಾರ್ಡು ನಿರಾಕರಣೆಯಾಗಲು ಇದೇ ಕಾರಣ. ಶನಿವಾರವೇ ತುಂಬಿಸಿಕೊಂಡರೆ ಭಾನುವಾರದ ಚಿಂತೆ ಇಲ್ಲ.

ಪ್ರಶ್ನೆ: ಮಡಿಕೇರಿಯ ಮಂಜಿನಲ್ಲಿ ಓಡಿಸಿದವರಿಗೆ ಅಲ್ಲಿಯ ಮಂಜು ಏನು ಮಹಾ? — ಗಾಳಿಬೀಡಿನ ಓದುಗರು

ಮಂಜು ಒಂದೇ, ಕಾನೂನು ಬೇರೆ. ಎದುರು 50 ಮೀಟರಿಗಿಂತ ಕಡಿಮೆ ಕಂಡರೆ ಎಲ್ಲ ರಸ್ತೆಯಲ್ಲೂ, ಹೆದ್ದಾರಿಯಲ್ಲೂ, ಮಿತಿ 50. ಹಿಂದಿನ ಕೆಂಪು ಫಾಗ್ ದೀಪವನ್ನು ಮಂಜು ಅಥವಾ ಹಿಮದಲ್ಲಿ ಮಾತ್ರ ಹಾಕಬೇಕು. ಮಳೆಯಲ್ಲಿ ಹಾಕಿದರೆ ಹಿಂದಿನವರ ಕಣ್ಣು ಕುಕ್ಕುತ್ತದೆ, ಅದಕ್ಕೆ ನಿಷೇಧವಿದೆ. ಹೈಬೀಮ್ ಮಂಜಿನ ಗೋಡೆಗೆ ಬಡಿದು ನಿಮ್ಮ ಕಣ್ಣಿಗೇ ವಾಪಸು ಬರುತ್ತದೆ ಎಂಬುದು ಕೊಡಗಿನವರಿಗೆ ಹೇಳಬೇಕಿಲ್ಲ. ನದಿ ಕಣಿವೆಗಳಲ್ಲಿ ಮಂಜು ಬೆಳಿಗ್ಗೆ ಹತ್ತರವರೆಗೂ ಕೂತಿರುತ್ತದೆ.

ನಿಜವಾದ ಎಚ್ಚರ ಬೇಕಾದದ್ದು ಇನ್ನು ಮೂರು ಕಡೆ. ಒಂದು, ನೆಲ. ಶರತ್ಕಾಲದಲ್ಲಿ ಟ್ರ್ಯಾಕ್ಟರುಗಳು ಜೋಳ, ಬೀಟ್‌ರೂಟ್ ಹೊಲದಿಂದ ಕೆಸರನ್ನು ಡಾಂಬರಿಗೆ ತರುತ್ತವೆ, ಅದರ ಮೇಲೆ ಒದ್ದೆ ಎಲೆ ಬೀಳುತ್ತದೆ. ನಮ್ಮಲ್ಲಿ ಸಿಲ್ವರ್ ಓಕ್ ಎಲೆ ಬಿದ್ದ ತಿರುವು ಮಳೆಯಲ್ಲಿ ಜಾರುವಂತೆಯೇ ಅದೂ ಜಾರುತ್ತದೆ. ಬ್ರೇಕು ತಿರುವಿನ ಮುಂಚೆ ಹಾಕಿ, ತಿರುವಿನೊಳಗೆ ಹಾಕಬೇಡಿ. ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡಾಗ ರಸ್ತೆಯ ನಡುವೆ ಅಖಂಡ ಗೆರೆಯಿದ್ದರೆ ಕಾಯಿರಿ. ಸೈಕಲಿನವರನ್ನು ದಾಟುವಾಗ ಮಾತ್ರ, ಎದುರು ಖಾಲಿ ಇದ್ದರೆ, ಆ ಗೆರೆಯ ಮೇಲೆ ಹೋಗಬಹುದು. ಊರಾಚೆ ಒಂದೂವರೆ ಮೀಟರು, ಊರೊಳಗೆ ಒಂದು ಮೀಟರು ಅಂತರ ಬಿಡಬೇಕು.

ಎರಡು, ಪ್ರಾಣಿ. ಕಾಡುಹಂದಿ, ಜಿಂಕೆ ಮುಸ್ಸಂಜೆಗೆ ರಸ್ತೆ ದಾಟುತ್ತವೆ. ಒಂದು ದಾಟಿತೆಂದು ವೇಗ ಏರಿಸಬೇಡಿ, ಹಿಂದೆ ಇನ್ನೆರಡು ಇರುತ್ತವೆ. ಇದು ಬೇಟೆಯ ಕಾಲವೂ ಹೌದು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ನಂತರ ನಿಂತುಹೋದದ್ದು ಅಲ್ಲಿ ಕಾನೂನಿನ ಪ್ರಕಾರವೇ ನಡೆಯುತ್ತದೆ. ಶಾಸ್ ಆಂ ಕೂರ್ ಎಂಬ ಫಲಕ ಕಂಡರೆ ಬೇಟೆ ನಡೆದಿದೆ ಎಂದರ್ಥ. ನಾಯಿ, ಕಿತ್ತಳೆ ಅಂಗಿಯ ಜನ ರಸ್ತೆಗೆ ಬರಬಹುದು, ಬೆದರಿದ ಹಂದಿಯೂ ಬರಬಹುದು. ಆ ಕಾಡಿಗೆ ನಡೆದುಹೋಗಬೇಡಿ.

ಮೂರು, ಗಡಿಯಾರ. ಅಕ್ಟೋಬರ್ ಕೊನೆಯ ಭಾನುವಾರ ಬೆಳಗಿನ ಜಾವ ಮೂರಕ್ಕೆ ಗಡಿಯಾರವನ್ನು ಎರಡಕ್ಕೆ ಹಿಂದಿಡುತ್ತಾರೆ. ಶನಿವಾರ ಆರೂವರೆಗೂ ಬೆಳಕಿದ್ದ ದಾರಿ ಭಾನುವಾರ ಆರಕ್ಕೆ ಮುನ್ನವೇ ಮಬ್ಬಾಗುತ್ತದೆ. ಸುತ್ತಾಟದ ಲೆಕ್ಕವನ್ನು ಆ ದಿನದಿಂದ ಒಂದು ಗಂಟೆ ಹಿಂದಕ್ಕೆ ತನ್ನಿ.

ನವೆಂಬರ್ 1ರ ನಂತರ ಆಲ್ಪ್ಸ್, ಪಿರಿನೀಸ್, ಮಾಸಿಫ್ ಸಾಂತ್ರಾಲ್‌ನಂಥ ಬೆಟ್ಟ ಸೀಮೆಯ ಗುರುತಿಸಿದ ಊರುಗಳಲ್ಲಿ ಚಳಿಗಾಲದ ಟೈರು ಅಥವಾ ಚಕ್ರಕ್ಕೆ ಹಾಕುವ ಸರಪಳಿ ಕಡ್ಡಾಯ, ಮಾರ್ಚ್ 31ರವರೆಗೆ. ಬಾಡಿಗೆ ಕಾರಿನಲ್ಲಿ ಅದು ತಾನಾಗಿ ಬರುವುದಿಲ್ಲ, ಕೇಳಿ ಪಡೆಯಬೇಕು.

ಪ್ರಶ್ನೆ: ಬೀಗರ ಮನೆಗೆ ಹೋಗುವಾಗ ಸೇವಂತಿಗೆ ಒಯ್ಯಬಹುದೇ? ಆ ದಿನಗಳಲ್ಲಿ ಎಲ್ಲ ಅಂಗಡಿಯಲ್ಲೂ ರಾಶಿ ಸೇವಂತಿಗೆ ಇರುತ್ತದಂತೆ. — ಸಿದ್ದಾಪುರದ ಓದುಗರು

ಖಂಡಿತ ಬೇಡ. ನವೆಂಬರ್ 1 ಅಲ್ಲಿ ತೂಸೇಂ, ಸಕಲ ಸಂತರ ಹಬ್ಬ. ಜನ ಹಿರಿಯರ ಸಮಾಧಿಗೆ ಸೇವಂತಿಗೆ ಕುಂಡ ಇಟ್ಟು ಬರುತ್ತಾರೆ. ಅಂಗಡಿಯ ರಾಶಿ ಅದಕ್ಕೇ. ಮನೆಗೆ ಒಯ್ದರೆ ಸಾವಿನ ಹೂ ಕೊಟ್ಟಂತೆ. ಬೇರೆ ಹೂವೋ, ಬೂಲಾಂಜರಿಯ ಸಿಹಿಯೋ ಒಯ್ಯಿರಿ. ನಿಮ್ಮ ತೋಟದ ಕಾಫಿಪುಡಿ, ಕರಿಮೆಣಸು ಒಯ್ದರೆ ಇನ್ನೂ ಮೆಚ್ಚುತ್ತಾರೆ. ಮಾಂಸ ಮತ್ತು ಹಾಲಿನ ಪದಾರ್ಥವನ್ನು ಇಲ್ಲಿಂದ ಒಯ್ಯುವಂತಿಲ್ಲ. ಪಂದಿಕರಿ, ತುಪ್ಪ, ಪೇಡ ಎಲ್ಲವೂ ಅದರಲ್ಲಿ ಬಂತು. ಜೇನು 2 ಕಿಲೋವರೆಗೆ ಸರಿ.

ಪ್ರಶ್ನೆ: ಮಳೆಗಾಲದಲ್ಲಿ ತೋಟದ ಕುಮ್ಮು ಆರಿಸಿ ತಿಂದು ಬೆಳೆದವರು ನಾವು. ಅಲ್ಲಿ ಕಾಡಿನ ಅಣಬೆ ಆರಿಸಬಹುದೇ? — ಪೊನ್ನಂಪೇಟೆಯ ಓದುಗರು

ಇಲ್ಲಿಯ ಅನುಭವ ಅಲ್ಲಿ ಕೆಲಸಕ್ಕೆ ಬಾರದು, ಜಾತಿಗಳೇ ಬೇರೆ. ಅಮನಿತಾ ಫಲ್ಲೊಯ್ಡಿಸ್ ಎಂಬ ತಿಳಿಹಸಿರು ಟೋಪಿಯ ಅಣಬೆ ನೋಡಲು ಸಾಧು, ತಿನ್ನಲು ರುಚಿ. ವಾಂತಿ ಭೇದಿ ಶುರುವಾಗುವುದು ಆರು ಗಂಟೆಗೂ ಹೆಚ್ಚು ಕಳೆದ ಮೇಲೆ, ಅಷ್ಟರಲ್ಲಿ ವಿಷ ಯಕೃತ್ತಿಗೆ ಇಳಿದಿರುತ್ತದೆ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಬೆಳ್ಳಿ ಚಮಚ ಕಪ್ಪಾದರೆ ವಿಷ, ಹುಳ ತಿಂದಿದ್ದರೆ ಒಳ್ಳೆಯದು ಎಂಬ ಪರೀಕ್ಷೆಗಳೆಲ್ಲ ಸುಳ್ಳು.

ಗೊತ್ತಿರುವವರ ಜೊತೆ ಹೋದರೆ ಮಾತ್ರ ಆರಿಸಿ. ಖಾಸಗಿ ಕಾಡಿನ ಅಣಬೆ ಜಮೀನಿನವರ ಸ್ವತ್ತು, ಕೇಳದೆ ಕಿತ್ತರೆ ಕಳವು. ಸರ್ಕಾರಿ ಕಾಡಿನಲ್ಲಿ, ನಿಷೇಧದ ಫಲಕ ಇಲ್ಲದ ಕಡೆ, ಮನೆ ಬಳಕೆಗೆ ಒಬ್ಬರಿಗೆ 5 ಲೀಟರ್ ಬುಟ್ಟಿಯಷ್ಟನ್ನು ಒಪ್ಪುತ್ತಾರೆ. ಅಣಬೆಯ ಬುಡದಲ್ಲಿರುವ ಚೀಲದಂಥ ಪೊರೆ ಮಣ್ಣಲ್ಲಿ ಉಳಿದರೆ ಗುರುತು ಹಿಡಿಯಲಾಗದು, ಆದ್ದರಿಂದ ಬುಡಸಮೇತ ಎತ್ತಿ. ಪ್ಲಾಸ್ಟಿಕ್ ಚೀಲ ಬೇಡ, ಜಾತಿಗಳನ್ನು ಬೆರೆಸಬೇಡಿ. ಆಮೇಲೆ ಹಸಿರು ಶಿಲುಬೆಯ ಔಷಧಿ ಅಂಗಡಿಗೆ ಒಯ್ಯಿರಿ. ಫ್ರಾನ್ಸಿನಲ್ಲಿ ಫಾರ್ಮಸಿಸ್ಟರಿಗೆ ಅಣಬೆಯ ಪಾಠವೂ ಇದೆ, ಬುಟ್ಟಿ ನೋಡಿ ಹೇಳುವ ವಾಡಿಕೆ ಇದೆ. ಅವರು ಸಂಶಯ ಎಂದರೆ ಇಡೀ ಬುಟ್ಟಿ ಚೆಲ್ಲಿ. ಸಂತೆಯಲ್ಲಿ ಸೆಪ್, ಜಿರೋಲ್ ಕೊಂಡರೆ ಈ ಯಾವ ತಾಪತ್ರಯವೂ ಇಲ್ಲ.

ಪ್ರಶ್ನೆ: ಕಾರು ತಾಗಿದರೆ, ಕೆಟ್ಟರೆ? — ಸುಂಟಿಕೊಪ್ಪದ ಓದುಗರು

ಹಳದಿ ಹೊಳೆಯುವ ಜಾಕೆಟ್ ಡಿಕ್ಕಿಯಲ್ಲಲ್ಲ, ಕೈಗೆ ಸಿಗುವಂತೆ ಒಳಗಿರಬೇಕು. ಇಳಿಯುವ ಮುನ್ನ ಹಾಕಿಕೊಳ್ಳಿ. ಎಚ್ಚರಿಕೆಯ ಕೆಂಪು ತ್ರಿಕೋನವನ್ನು ಕನಿಷ್ಠ 30 ಮೀಟರ್ ಹಿಂದೆ ಇಡಿ. ಹೆದ್ದಾರಿಯಲ್ಲಿ ತ್ರಿಕೋನ ಇಡಲು ನಡೆದುಹೋಗಬೇಡಿ, ಎಲ್ಲರೂ ತಡೆಬೇಲಿಯ ಆಚೆ ನಿಂತು ಕಿತ್ತಳೆ ಬಣ್ಣದ ಫೋನ್ ಕಂಬದಿಂದಲೋ 112ಕ್ಕೋ ಕರೆಮಾಡಿ. ಸಣ್ಣ ಡಿಕ್ಕಿಯಾದರೆ ಕೋಂಸ್ತಾ ಆಮಿಯಾಬ್ಲ್ ಎಂಬ, ಅಪಘಾತದ ವಿವರ ಬರೆಯುವ ಎರಡು ಪ್ರತಿಯ ನಮೂನೆಯನ್ನು ಇಬ್ಬರೂ ತುಂಬಿ ಸಹಿ ಮಾಡುತ್ತೀರಿ. ಸಹಿಯಾದ ಮೇಲೆ ತಿದ್ದಲಾಗದು, ಅರ್ಥವಾಗದ ಚೌಕಕ್ಕೆ ಗುರುತು ಹಾಕಬೇಡಿ. ಬಾಡಿಗೆಯವರಿಗೆ ಅದೇ ದಿನ ತಿಳಿಸಿ.

ಪ್ರಶ್ನೆ: ರಸ್ತೆ ಬದಿಯಲ್ಲಿ ಬಿದ್ದ ಚೆಸ್ಟ್‌ನಟ್ ತಿನ್ನಬಹುದೇ? — ಭಾಗಮಂಡಲದ ಓದುಗರು

ಎರಡು ಮರಗಳಿವೆ, ಒಂದರದು ವಿಷ. ತಿನ್ನುವ ಶಾತೇಞಿನ ಮೇಲ್ಸಿಪ್ಪೆ ಮುಳ್ಳುಹಂದಿಯಂತೆ ದಟ್ಟ ಸಣ್ಣ ಮುಳ್ಳು, ಒಳಗೆ ಎರಡು ಮೂರು ಕಾಯಿ, ಒಂದು ಬದಿ ಚಪ್ಪಟೆ, ತುದಿಯಲ್ಲಿ ಸಣ್ಣ ಜುಟ್ಟು. ಊರ ಚೌಕಗಳಲ್ಲಿ ನೆರಳಿಗೆ ನೆಟ್ಟ ಕುದುರೆ ಚೆಸ್ಟ್‌ನಟ್ಟಿನ ಸಿಪ್ಪೆಗೆ ವಿರಳವಾದ ಮೊಂಡು ಮುಳ್ಳು, ಒಳಗೆ ಹೆಚ್ಚಾಗಿ ಒಂದೇ ದುಂಡು ಕಾಯಿ, ಜುಟ್ಟಿಲ್ಲ. ಅದನ್ನು ತಿನ್ನಬೇಡಿ.

ತಿನ್ನುವುದನ್ನು ನೀರಿಗೆ ಹಾಕಿ, ತೇಲಿದ್ದರಲ್ಲಿ ಹುಳವಿರುತ್ತದೆ, ತೆಗೆದುಬಿಡಿ. ಉಬ್ಬಿದ ಬದಿಗೆ ಸಿಪ್ಪೆ ಕತ್ತರಿಸುವಷ್ಟು ಗೀರು ಹಾಕಿ. ಗೀರು ಮರೆತರೆ ಒಳಗಿನ ಹಬೆಗೆ ಪಟಾಕಿಯಂತೆ ಸಿಡಿಯುತ್ತದೆ. 200 ಡಿಗ್ರಿ ಓವನ್ನಿನಲ್ಲಿ 20ರಿಂದ 25 ನಿಮಿಷ ಸುಟ್ಟು, ಒದ್ದೆ ಬಟ್ಟೆಯಲ್ಲಿ ಹತ್ತು ನಿಮಿಷ ಸುತ್ತಿಡಿ. ಬಿಸಿಯಿರುವಾಗಲೇ ಸುಲಿಯಿರಿ, ಆರಿದರೆ ಒಳಸಿಪ್ಪೆ ತಿರುಳಿಗೆ ಅಂಟಿಕೊಳ್ಳುತ್ತದೆ.